ಅಟ್ಟದ ಮನೆಯಿಂದ ಆಕಾಶಕ್ಕೆ: ಎಫ್‌ಎಂ ಜನಕ ಆರ್ಮ್‌ಸ್ಟ್ರಾಂಗ್

ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಹುಡುಕಾಡುವ ಹವ್ಯಾಸಿಗಳಿಗೆ ಹೆಬ್ಬೆರಳ ಉಗುರಿನಷ್ಟಗಲದ ಒಂದು ರೇಡಿಯೊ ಮಾಡ್ಯೂಲ್ ಸುಪರಿಚಿತ. ಅದನ್ನು ನಾಲ್ಕು ತಂತಿಗಳಿಂದ ಆರ್ಡುಯಿನೊದಂತಹ ಮೈಕ್ರೊಕಂಟ್ರೋಲರ್ ಬೋರ್ಡಿಗೆ ಬೆಸೆದು, ಕೆಲವೇ ಸಾಲುಗಳ ಪ್ರೋಗ್ರಾಂ ಬರೆದು ತುಂಬಿದರೆ ಮುಗಿಯಿತು. ಇಯರ್‌ಫೋನಿನಲ್ಲಿ ನಗರದ ಎಫ್‌ಎಂ ಕೇಂದ್ರಗಳು ಒಂದರ ಹಿಂದೊಂದು ಮಾತನಾಡತೊಡಗುತ್ತವೆ. ಕಾಲೇಜು ವಿದ್ಯಾರ್ಥಿಗೆ ಅದು ಒಂದು ಭಾನುವಾರದ ಮಧ್ಯಾಹ್ನದ ಕೆಲಸ.

ಈ ಆಟಿಕೆಯ ಒಡಲಲ್ಲಿ ಮೂರು ತತ್ತ್ವಗಳು ಅಡಗಿವೆ. ಬೋರ್ಡಿನ ಸ್ಫಟಿಕ ಸೆಕೆಂಡಿಗೆ ಕೋಟಿಗಟ್ಟಲೆ ಬಾರಿ ಮಿಡಿಯುವುದು, ವರ್ಧಕವೊಂದರ ಫಲದ ಒಂದಂಶವನ್ನು ಮತ್ತೆ ಅದರ ಬಾಯಿಗೇ ಉಣಿಸುವುದರಿಂದ. ಮಾಡ್ಯೂಲಿನೊಳಗಿನ ಚಿಪ್ ಆಕಾಶದಲ್ಲಿ ತೇಲಿಬರುವ ನೂರಾರು ತರಂಗಗಳಲ್ಲಿ ಬೇಕಾದ ಒಂದನ್ನು ಆಯ್ದುಕೊಳ್ಳುವುದು, ಅದನ್ನು ಮೊದಲು ಕೆಳಗಿನ ಆವೃತ್ತಿಯೊಂದಕ್ಕೆ ಇಳಿಸಿಕೊಳ್ಳುವುದರಿಂದ. ಇನ್ನು ಕೇಳಿಬರುವ ಹಾಡು ನಿಚ್ಚಳವಾಗಿರುವುದು ಎಫ್‌ಎಂ ವಿಧಾನದಿಂದ. ಈ ಮೂರರ ಹಿಂದೆಯೂ ಒಬ್ಬನೇ ವ್ಯಕ್ತಿಯ ದುಡಿಮೆಯಿದೆ. ಆತನೂ ಒಂದು ಕಾಲಕ್ಕೆ ಮನೆಯ ಅಟ್ಟದಲ್ಲಿ ತಂತಿ, ಸುರುಳಿ, ಬ್ಯಾಟರಿಗಳ ನಡುವೆ ರಾತ್ರಿ ಕಳೆಯುತ್ತಿದ್ದ ಹವ್ಯಾಸಿ ಹುಡುಗನೇ.

ಆರ್ಮ್‌ಸ್ಟ್ರಾಂಗ್ ಎಂದೊಡನೆ ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ನೆನಪಾಗುವುದು ಸಹಜ. ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್ ಎಂಬ ಹೆಸರಿಗೆ ಆ ಭಾಗ್ಯವಿಲ್ಲ. ದಿನವಿಡೀ ಎಫ್‌ಎಂ ಕೇಳುವ ಆಟೋ ಚಾಲಕರಾಗಲಿ, ಅದೇ ಕೇಂದ್ರಗಳಲ್ಲಿ ದುಡಿಯುವ ನಿರೂಪಕರಾಗಲಿ ಆ ಹೆಸರನ್ನು ಕೇಳಿರುವುದು ಅಪರೂಪ.

ಕಂಬ ಹತ್ತುವ ಹುಡುಗ

ಎಡ್ವಿನ್ ಹುಟ್ಟಿದ್ದು 1890ರ ಡಿಸೆಂಬರ್ 18ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಜಾನ್ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನ ಅಮೆರಿಕ ಶಾಖೆಯಲ್ಲಿ ಹಿರಿಯ ಹುದ್ದೆಯಲ್ಲಿದ್ದರು. ತಾಯಿ ಎಮಿಲಿ ಶಾಲಾ ಶಿಕ್ಷಕಿಯಾಗಿದ್ದವರು. ಬಾಲ್ಯದಲ್ಲೇ ಹುಡುಗನಿಗೆ ಕೊರಿಯಾ ಎಂಬ ನರಸಂಬಂಧಿ ಕಾಯಿಲೆ ತಗುಲಿತು. ಎರಡು ವರ್ಷ ಶಾಲೆ ತಪ್ಪಿತು; ಮನೆಯಲ್ಲೇ ಪಾಠ ನಡೆಯಿತು. ಕಾಯಿಲೆ ವಾಸಿಯಾದರೂ ಉದ್ವೇಗಗೊಂಡಾಗ ಕುತ್ತಿಗೆ ಮತ್ತು ಭುಜ ತಾವಾಗಿಯೇ ಸೆಳೆಯುವ ತೊಂದರೆ ಜೀವನಪರ್ಯಂತ ಉಳಿಯಿತು. ಒಂಟಿಯಾಗಿ ಕುಳಿತು ಕೈಕೆಲಸದಲ್ಲಿ ಮುಳುಗುವ ಸ್ವಭಾವ ಈ ಎರಡು ವರ್ಷಗಳಲ್ಲೇ ಬಲಿತಿರಬೇಕು.

ಕುಟುಂಬ ನ್ಯೂಯಾರ್ಕ್‌ನ ಉತ್ತರಕ್ಕಿರುವ ಯಾಂಕರ್ಸ್ ಎಂಬ ಊರಿಗೆ ವಾಸ ಬದಲಿಸಿತು. ಹಡ್ಸನ್ ನದಿಗೆ ಮುಖಮಾಡಿದ ಮನೆ. ತಂದೆ ಲಂಡನ್ನಿನಿಂದ ತಂದುಕೊಟ್ಟ, ಸಂಶೋಧಕರ ಕಥೆಗಳ ಪುಸ್ತಕ ಹುಡುಗನ ಮನಸ್ಸನ್ನು ಹಿಡಿಯಿತು. ಮಾರ್ಕೋನಿ ನಿಸ್ತಂತು ಸಂದೇಶವನ್ನು ಅಟ್ಲಾಂಟಿಕ್ ಸಾಗರದಾಚೆಗೆ ಕಳುಹಿಸಿದ ಸುದ್ದಿ ಆಗಿನ್ನೂ ಹೊಸದು. ಹದಿನಾಲ್ಕರ ವಯಸ್ಸಿಗೆಲ್ಲ ತಾನು ರೇಡಿಯೊ ಸಂಶೋಧಕನಾಗಬೇಕೆಂದು ಎಡ್ವಿನ್ ನಿಶ್ಚಯಿಸಿಬಿಟ್ಟಿದ್ದ.

ಮನೆಯ ಅಟ್ಟವೇ ಪ್ರಯೋಗಶಾಲೆಯಾಯಿತು. ಅಂದು ಬಿಡಿಭಾಗಗಳ ಅಂಗಡಿಗಳು ವಿರಳ. ಸುರುಳಿಯನ್ನು ತಾನೇ ಸುತ್ತಬೇಕು, ಕೆಪಾಸಿಟರನ್ನು ಗಾಜು ಮತ್ತು ಲೋಹದ ಹಾಳೆಗಳಿಂದ ತಾನೇ ಕಟ್ಟಬೇಕು. ಊರಿನ ನಾಲ್ಕಾರು ಹುಡುಗರು ಇದೇ ಹುಚ್ಚಿನವರು. ಕಿಡಿ ಹಾರಿಸಿ ಮನೆಯಿಂದ ಮನೆಗೆ ಮೋರ್ಸ್ ಸಂಕೇತ ಕಳುಹಿಸುವುದು ಅವರ ಸಂಜೆಯ ವಿನೋದ. ಆ ಗುಂಪಿನಲ್ಲಿದ್ದ ಕಾರ್ಮನ್ ರನ್ಯನ್ ಎಂಬ ಗೆಳೆಯನ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಕಾಲು ಶತಮಾನದ ತರುವಾಯ ಆತನ ಮನೆಯೇ ಒಂದು ಚಾರಿತ್ರಿಕ ಪ್ರಸಾರದ ತಾಣವಾಗಲಿತ್ತು.

1910ರಲ್ಲಿ ಎಡ್ವಿನ್ ಮನೆಯ ಹಿತ್ತಿಲಲ್ಲಿ 125 ಅಡಿ ಎತ್ತರದ ಆಂಟೆನಾ ಕಂಬವನ್ನು ಎಬ್ಬಿಸಿದ. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕುಳಿತು, ತನ್ನನ್ನು ತಾನೇ ಮೇಲಕ್ಕೆಳೆದುಕೊಳ್ಳುತ್ತ ಒಂದೊಂದೇ ತುಂಡನ್ನು ಜೋಡಿಸಿದ. ನೆರೆಹೊರೆಯವರಿಗೆ ಎದೆ ಝಲ್ಲೆನ್ನುವ ನೋಟ. ಎತ್ತರದ ಈ ಮೋಹ ಆತನನ್ನು ಕೊನೆಯವರೆಗೂ ಬಿಡಲಿಲ್ಲ.

ಆಡಿಯಾನ್ ಎಂಬ ಒಗಟು

ಲೀ ಡಿ ಫಾರೆಸ್ಟ್ ಎಂಬ ಸಂಶೋಧಕ 1906ರಲ್ಲಿ ಆಡಿಯಾನ್ ಎಂಬ ಗಾಜಿನ ಬುರುಡೆಯನ್ನು ರೂಪಿಸಿದ್ದರು. ಕಾದ ತಂತಿ, ಅದರೆದುರು ಪ್ಲೇಟ್ ಎಂಬ ಲೋಹದ ಫಲಕ, ಇವೆರಡರ ನಡುವೆ ಗ್ರಿಡ್ ಎಂಬ ಜಾಲರಿ. ಮುಂದೆ ಟ್ರಯೋಡ್ ವಾಲ್ವ್ ಎಂದು ಮನೆಮಾತಾದದ್ದು ಇದೇ. ದುರ್ಬಲ ರೇಡಿಯೊ ಸಂಕೇತವನ್ನು ಅದು ಗುರುತಿಸುತ್ತಿತ್ತು. ಆದರೆ ಹೇಗೆ ಎಂಬುದು ಅದನ್ನು ಮಾಡಿದವರಿಗೂ ಸ್ಪಷ್ಟವಿರಲಿಲ್ಲ. ಯಾಂಕರ್ಸ್‌ನಲ್ಲೇ ಇದ್ದ ಚಾರ್ಲ್ಸ್ ಅಂಡರ್‌ಹಿಲ್ ಎಂಬ ಹಿರಿಯ ಸಂಶೋಧಕರು ಅಂಥದೊಂದು ಬುರುಡೆಯನ್ನು ಹುಡುಗನ ಕೈಗಿತ್ತರು.

ಅಷ್ಟರಲ್ಲಿ ಎಡ್ವಿನ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ವಿದ್ಯಾರ್ಥಿ. ತಂದೆ ಕೊಡಿಸಿದ ಕೆಂಪು ಬಣ್ಣದ ಇಂಡಿಯನ್ ಮೋಟಾರ್‌ಸೈಕಲ್ ಏರಿ ಯಾಂಕರ್ಸ್‌ನಿಂದ ಪ್ರತಿದಿನ ಓಡಾಟ. ಉಳಿದ ಹವ್ಯಾಸಿಗಳು ಆಡಿಯಾನನ್ನು ಹೇಗೋ ತಿರುಗಿಸಿ, ಹೇಗೋ ಜೋಡಿಸಿ ಸದ್ದು ಬಂದರೆ ತೃಪ್ತರಾಗುತ್ತಿದ್ದರು. ಎಡ್ವಿನ್‌ಗೆ ಅಷ್ಟು ಸಾಲದು. ಬುರುಡೆಯ ಒಂದೊಂದು ಕಾಲಿನಲ್ಲೂ ಹರಿಯುವ ವಿದ್ಯುತ್ತನ್ನು ಅಳೆಯುತ್ತ ಕುಳಿತ. ಪ್ಲೇಟಿನಿಂದ ಹೊರಡುವ ಪ್ರವಾಹದಲ್ಲಿ ಗ್ರಿಡ್ಡಿಗೆ ಬಂದ ಸಂಕೇತದ್ದೇ ಏರಿಳಿತ, ಆದರೆ ದೊಡ್ಡದಾಗಿ, ಮೂಡಿರುವುದನ್ನು ಕಂಡ. ಹಾಗಾದರೆ ಆ ಹೆಚ್ಚಿದ ಸಂಕೇತದ ಒಂದು ಭಾಗವನ್ನು ಮರಳಿ ಗ್ರಿಡ್ಡಿಗೇ ಹಾಯಿಸಿದರೆ ಹೇಗೆ? ಅದು ಮತ್ತೆ ಹೆಚ್ಚುತ್ತದೆ, ಮತ್ತೆ ಮರಳುತ್ತದೆ, ಇನ್ನೂ ಹೆಚ್ಚುತ್ತದೆ.

1912ರ ಸೆಪ್ಟೆಂಬರ್‌ನ ಒಂದು ರಾತ್ರಿ ಈ ಊಹೆ ನಿಜವಾಯಿತು. ಕಿವಿಗೆ ಹಚ್ಚಿಕೊಂಡಿದ್ದ ಇಯರ್‌ಫೋನಿನಲ್ಲಿ ಹಿಂದೆಂದೂ ಕೇಳದಷ್ಟು ಜೋರಾಗಿ ದೂರದ ಕೇಂದ್ರಗಳು ಮೊಳಗಿದವು. ಇಯರ್‌ಫೋನನ್ನು ಮೇಜಿನ ಮೇಲಿಟ್ಟರೂ ಸದ್ದು ಕೋಣೆಯಲ್ಲೆಲ್ಲ ಕೇಳುವಂತಿತ್ತು. ಎಡ್ವಿನ್ ಮಧ್ಯರಾತ್ರಿಯಲ್ಲಿ ತಂಗಿಯ ಕೋಣೆಗೆ ನುಗ್ಗಿ ಆಕೆಯನ್ನೆಬ್ಬಿಸಿ ಕುಣಿದಾಡಿದ. ಇದೇ ರೀಜನರೇಟಿವ್ ಮಂಡಲ. ಮರಳಿ ಹಾಯಿಸುವ ಪ್ರಮಾಣವನ್ನು ಒಂದು ಮಿತಿಗಿಂತ ಹೆಚ್ಚಿಸಿದಾಗ ಇನ್ನೊಂದು ವಿಸ್ಮಯ ಕಾದಿತ್ತು. ಬುರುಡೆ ತಾನಾಗಿಯೇ ಮಿಡಿಯಲಾರಂಭಿಸಿ ರೇಡಿಯೊ ತರಂಗಗಳನ್ನು ಸೂಸತೊಡಗಿತು. ಗ್ರಾಹಕವೇ ಪ್ರೇಷಕವಾಗಿತ್ತು.

ಪೇಟೆಂಟ್ ಪಡೆಯಲು ಹಣ ಬೇಕು. ಮೊದಲು ಪದವಿ ಮುಗಿಸು, ಆಮೇಲೆ ನೋಡೋಣ ಎಂಬುದು ತಂದೆಯ ನಿಲುವು. ಎಲ್ಲ ಮಧ್ಯಮ ವರ್ಗದ ಮನೆಗಳಲ್ಲೂ ಇಂದಿಗೂ ನಡೆಯುವ ಮಾತೇ ಅದು. ಆದರೆ ಈ ಒಂದು ಮಾತಿಗೆ ಮಗ ತೆತ್ತ ಬೆಲೆ ದೊಡ್ಡದು. ಸೋದರಮಾವನ ಸಲಹೆಯಂತೆ ಎಡ್ವಿನ್ ತನ್ನ ಮಂಡಲದ ನಕ್ಷೆಯನ್ನು ಬರೆದು 1913ರ ಜನವರಿ 31ರಂದು ನೋಟರಿಯ ಮುದ್ರೆ ಹಾಕಿಸಿಟ್ಟುಕೊಂಡ. ಪೇಟೆಂಟ್ ಅರ್ಜಿ ಸಲ್ಲಿಕೆಯಾದದ್ದು ಪದವಿಯ ನಂತರ, ಅದೇ ವರ್ಷದ ಅಕ್ಟೋಬರ್ 29ರಂದು. 1914ರ ಅಕ್ಟೋಬರ್‌ನಲ್ಲಿ ಪೇಟೆಂಟ್ ದೊರೆಯಿತು.

ಅದಕ್ಕೆ ಮುನ್ನ, 1914ರ ಜನವರಿ 30 ಮತ್ತು 31ರ ನಡುವಿನ ಕೊರೆಯುವ ರಾತ್ರಿಯಲ್ಲಿ, ನ್ಯೂಜೆರ್ಸಿಯ ಬೆಲ್ಮಾರ್‌ನಲ್ಲಿದ್ದ ಮಾರ್ಕೋನಿ ಕಂಪನಿಯ ಕೇಂದ್ರದಲ್ಲಿ ಈ ಪೆಟ್ಟಿಗೆಯ ಪರೀಕ್ಷೆ ನಡೆಯಿತು. ಐರ್ಲೆಂಡಿನ ಕ್ಲಿಫ್ಡನ್, ಅತ್ತ ಸ್ಯಾನ್ ಫ್ರಾನ್ಸಿಸ್ಕೊ, ಅದರಾಚೆಯ ಹೊನೊಲುಲು ಎಲ್ಲವೂ ಕಿವಿಗೆ ಬಿದ್ದವು. ಪಕ್ಕದಲ್ಲಿ ಕುಳಿತು ಬೆರಗಾದ ಕಂಪನಿಯ ಯುವ ಅಧಿಕಾರಿಯ ಹೆಸರು ಡೇವಿಡ್ ಸರ್ನಾಫ್. ರಷ್ಯಾದಿಂದ ಬಡತನದಲ್ಲಿ ವಲಸೆ ಬಂದು, ಮುಂದೆ ಆರ್‌ಸಿಎ ಎಂಬ ಬೃಹತ್ ರೇಡಿಯೊ ಸಂಸ್ಥೆಯ ಒಡೆಯನಂತೆ ಮೆರೆದವರು. ಆ ರಾತ್ರಿ ಹುಟ್ಟಿದ ಸ್ನೇಹ ಎರಡು ದಶಕ ಉಳಿಯಿತು.

ಯುದ್ಧಭೂಮಿಯಿಂದ ಸಾಗರದಾಚೆಗೆ

ಮೊದಲ ಮಹಾಯುದ್ಧಕ್ಕೆ ಅಮೆರಿಕ ಧುಮುಕಿದಾಗ ಆರ್ಮ್‌ಸ್ಟ್ರಾಂಗ್ ಸೇನೆಯ ಸಿಗ್ನಲ್ ಕೋರ್ ಸೇರಿ ಪ್ಯಾರಿಸ್‌ಗೆ ತೆರಳಿದರು. ಅತ್ಯಧಿಕ ಆವೃತ್ತಿಯ ದುರ್ಬಲ ಸಂಕೇತಗಳನ್ನು ಹಿಡಿಯುವುದು ಆಗಿನ ವಾಲ್ವ್‌ಗಳಿಗೆ ಆಗದ ಕೆಲಸವಾಗಿತ್ತು. ಶತ್ರು ವಿಮಾನಗಳ ಎಂಜಿನ್ ಕಿಡಿಯಿಂದ ಹೊಮ್ಮುವ ತರಂಗಗಳನ್ನೇ ಹಿಡಿದು ಅವುಗಳ ಇರವನ್ನು ಪತ್ತೆಹಚ್ಚಬಹುದೇ ಎಂಬ ಯೋಚನೆಯ ಜಾಡಿನಲ್ಲಿ 1918ರಲ್ಲಿ ಅವರಿಗೆ ಹೊಳೆದದ್ದು ಸೂಪರ್‌ಹೆಟರೊಡೈನ್ ವಿಧಾನ. ನಾನಾ ದೇಶಗಳ ನಾಣ್ಯಗಳನ್ನು ಗಡಿಯಲ್ಲೇ ಒಂದು ನಾಣ್ಯಕ್ಕೆ ಬದಲಿಸಿಕೊಂಡು ಮುಂದಿನ ವ್ಯವಹಾರವನ್ನೆಲ್ಲ ಅದರಲ್ಲೇ ನಡೆಸಿದಂತೆ, ಬರುವ ತರಂಗ ಯಾವುದೇ ಇರಲಿ, ಗ್ರಾಹಕದೊಳಗೇ ಹುಟ್ಟಿಸಿದ ಇನ್ನೊಂದು ತರಂಗದೊಡನೆ ಬೆರೆಸಿ ಒಂದೇ ಗೊತ್ತಾದ ಮಧ್ಯಮ ಆವೃತ್ತಿಗೆ ಇಳಿಸಿಕೊಳ್ಳುವುದು ಇದರ ಗುಟ್ಟು. ಆಮೇಲೆ ವರ್ಧಿಸುವುದು ಸುಲಭ. ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಬಿಚ್ಚಿ ನೋಡಿದವರಿಗೆ ಬಣ್ಣದ ತಲೆಯ ಪುಟ್ಟ ತಗಡಿನ ಡಬ್ಬಿಗಳು, ಅಂದರೆ ರಿಪೇರಿಯವರು ಐಎಫ್‌ಟಿ ಎನ್ನುವ ಸುರುಳಿಗಳು, ನೆನಪಿರಬಹುದು. ಆ ಮಧ್ಯಮ ಆವೃತ್ತಿಯ ಕಾವಲುಗಾರರು ಅವೇ. ಫ್ರಾನ್ಸಿನ ಲೂಸಿಯೆನ್ ಲೆವಿ ಎಂಬುವರೂ ಇದೇ ದಾರಿಯಲ್ಲಿ ಸಾಗಿದ್ದರು. ಮುಂದೆ ಅಮೆರಿಕದಲ್ಲಿ ನಡೆದ ಪೇಟೆಂಟ್ ವಿವಾದದಲ್ಲಿ ಮೇಲುಗೈ ಅವರ ಪಕ್ಷದ್ದಾಯಿತು. ಆದರೆ ಅದನ್ನು ಕೆಲಸಮಾಡುವ ಯಂತ್ರವಾಗಿಸಿ ಮನೆಮನೆಗೆ ಮುಟ್ಟಿಸಿದ ಕೀರ್ತಿ ಆರ್ಮ್‌ಸ್ಟ್ರಾಂಗರಿಗೇ ಸಲ್ಲುತ್ತದೆ.

ಮೇಜರ್ ಪದವಿಯೊಂದಿಗೆ ಮರಳಿದ ಅವರು 1920ರಲ್ಲಿ ತಮ್ಮ ಪೇಟೆಂಟ್‌ಗಳನ್ನು ವೆಸ್ಟಿಂಗ್‌ಹೌಸ್ ಕಂಪನಿಗೆ 3,35,000 ಡಾಲರಿಗೆ ಮಾರಿದರು. ಹಣ ಬಂದರೂ ಹವ್ಯಾಸಿಗಳ ಸಹವಾಸ ಬಿಡಲಿಲ್ಲ. ನ್ಯೂಯಾರ್ಕ್‌ನ ಹುಡುಗರು ಕಟ್ಟಿಕೊಂಡ ಕೂಟವೊಂದು ರೇಡಿಯೊ ಕ್ಲಬ್ ಆಫ್ ಅಮೆರಿಕ ಎಂದು ಬೆಳೆದಿತ್ತು. ಆರ್ಮ್‌ಸ್ಟ್ರಾಂಗ್ ಅದರ ಅಧ್ಯಕ್ಷರೂ ಆಗಿದ್ದರು. 1921ರ ಡಿಸೆಂಬರ್‌ನಲ್ಲಿ ಈ ಗೆಳೆಯರು ಕನೆಕ್ಟಿಕಟ್‌ನ ಗ್ರಿನಿಚ್‌ನಲ್ಲಿ ಪುಟ್ಟ ಪ್ರೇಷಕವೊಂದನ್ನು ಕಟ್ಟಿ ನಿಲ್ಲಿಸಿದರು. ಪಾಲ್ ಗಾಡ್ಲಿ ಎಂಬ ಹವ್ಯಾಸಿ ಸ್ಕಾಟ್ಲೆಂಡಿನ ಆರ್ಡ್ರಾಸನ್ ಕಡಲತೀರದಲ್ಲಿ ಡೇರೆ ಹೂಡಿ, ಸೂಪರ್‌ಹೆಟರೊಡೈನ್ ಗ್ರಾಹಕ ಹಿಡಿದು, ಮಳೆಗಾಳಿಯಲ್ಲಿ ಕಿವಿಗೊಟ್ಟು ಕುಳಿತರು. ಸರ್ಕಾರಗಳು ಉಪಯೋಗಕ್ಕೆ ಬಾರದ್ದೆಂದು ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿದ್ದ ಚಿಕ್ಕ ಅಲೆಗಳ ಮೇಲೆ ಸಂದೇಶ ಅಟ್ಲಾಂಟಿಕ್ ದಾಟಿ ಬಂತು.

1922ರಲ್ಲಿ ಇನ್ನೊಂದು ಆವಿಷ್ಕಾರವನ್ನು ಆರ್‌ಸಿಎ 2,00,000 ಡಾಲರ್ ಹಾಗೂ 60,000 ಷೇರುಗಳಿಗೆ ಕೊಂಡಿತು. ಹೀಗೆ ಆರ್ಮ್‌ಸ್ಟ್ರಾಂಗ್ ಆ ಕಂಪನಿಯ ಅತಿದೊಡ್ಡ ವೈಯಕ್ತಿಕ ಷೇರುದಾರರಾದರು. ಸರ್ನಾಫ್‌ರ ಕಚೇರಿಗೆ ಹೋಗಿಬರುತ್ತ ಅವರ ಕಾರ್ಯದರ್ಶಿ ಮರಿಯನ್ ಮ್ಯಾಕಿನ್ನಿಸ್‌ರಿಗೆ ಮನಸೋತರು. 1923ರಲ್ಲಿ ನ್ಯೂಯಾರ್ಕ್‌ನ ಮುಗಿಲೆತ್ತರದ ಕಟ್ಟಡದ ಮೇಲೆ ಆರ್‌ಸಿಎ ನಿಲ್ಲಿಸಿದ ಪ್ರಸಾರ ಗೋಪುರದ ತುತ್ತತುದಿಗೆ ಹತ್ತಿ ನಿಂತು ಛಾಯಾಚಿತ್ರ ತೆಗೆಸಿಕೊಂಡು ಆಕೆಗೆ ಕಳುಹಿಸಿದ್ದುಂಟು. ಸರ್ನಾಫ್ ಕೆಂಡಾಮಂಡಲರಾದರು. ಅದೇ ವರ್ಷ ಡಿಸೆಂಬರ್ 1ರಂದು ಮದುವೆ. ಮಧುಚಂದ್ರಕ್ಕೆ ಹೊರಟ ವಧುವಿಗೆ ವರನ ಉಡುಗೊರೆ ಕೈಯಲ್ಲಿ ಹಿಡಿದೊಯ್ಯಬಹುದಾದ ಮೊದಲ ಸೂಪರ್‌ಹೆಟರೊಡೈನ್ ರೇಡಿಯೊ. ಕಡಲತೀರದ ಮರಳಿನಲ್ಲಿ ಆ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತ ದಂಪತಿಯ ಚಿತ್ರ ರೇಡಿಯೊ ಚರಿತ್ರೆಯ ಪುಸ್ತಕಗಳಲ್ಲಿ ಕಾಣಸಿಗುತ್ತದೆ. ಬಹುಶಃ ಅದೇ ಅವರ ಬಾಳಿನ ಅತ್ಯಂತ ಸುಖದ ಚಿತ್ರ.

ನ್ಯಾಯಾಲಯದಲ್ಲಿ ಸೋತ ಯಂತ್ರ

ರೀಜನರೇಟಿವ್ ಮಂಡಲವನ್ನು ತಾನೇ ಮೊದಲು ಕಂಡುಹಿಡಿದದ್ದೆಂದು ಡಿ ಫಾರೆಸ್ಟ್ ಹಕ್ಕು ಮಂಡಿಸಿದ್ದರು. ಜರ್ಮನಿಯ ಅಲೆಕ್ಸಾಂಡರ್ ಮೈಸ್ನರ್, ಜನರಲ್ ಎಲೆಕ್ಟ್ರಿಕ್ ಕಂಪನಿಯ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಕೂಡ ಕಣದಲ್ಲಿದ್ದರು. 1912ರ ಆಗಸ್ಟ್‌ನಲ್ಲಿ, ಅಂದರೆ ಆರ್ಮ್‌ಸ್ಟ್ರಾಂಗ್‌ರ ಅಟ್ಟದಲ್ಲಿ ಸದ್ದು ಮೊಳಗುವ ಕೆಲವೇ ವಾರಗಳ ಮುನ್ನ, ಡಿ ಫಾರೆಸ್ಟ್‌ರ ಸಹಾಯಕ ದೂರವಾಣಿ ವರ್ಧಕವೊಂದನ್ನು ಪರೀಕ್ಷಿಸುವಾಗ ಅದು ಊಳಿಟ್ಟದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದ. ಆ ಊಳಿನ ಅರ್ಥವನ್ನು ಅಂದು ಯಾರೂ ಅರಿತಿರಲಿಲ್ಲ. ಅದರಿಂದ ರೇಡಿಯೊ ಗ್ರಾಹಕವನ್ನು ಯಾರೂ ಕಟ್ಟಲಿಲ್ಲ.

ಮೊದಲ ಸುತ್ತಿನಲ್ಲಿ, 1920ರ ದಶಕದ ಆರಂಭದಲ್ಲಿ, ನ್ಯೂಯಾರ್ಕ್‌ನ ನ್ಯಾಯಾಲಯಗಳು ಆರ್ಮ್‌ಸ್ಟ್ರಾಂಗ್ ಪರ ನಿಂತವು. ಆಗ ಎದುರಾಳಿಯಿಂದ ಬರಬೇಕಿದ್ದ ಹಣ ಬಿಟ್ಟುಕೊಟ್ಟು ಅಂತಿಮ ತೀರ್ಪು ಹೊರಬೀಳಲು ಸಮ್ಮತಿಸಿದ್ದರೆ ವ್ಯಾಜ್ಯ ಅಲ್ಲಿಗೇ ಮುಗಿಯುತ್ತಿತ್ತು. ವಕೀಲರು ಹಾಗೆಂದೇ ಬುದ್ಧಿ ಹೇಳಿದರು. ಆದರೆ ಡಿ ಫಾರೆಸ್ಟ್ ಸಂಪೂರ್ಣವಾಗಿ ಸೋಲೊಪ್ಪಬೇಕೆಂಬ ಹಟ ಆರ್ಮ್‌ಸ್ಟ್ರಾಂಗ್‌ರದು. ಈ ಹಟವೇ ಮುಳುವಾಯಿತು. 1924ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಟಿಪ್ಪಣಿ ಪುಸ್ತಕದ ತಾರೀಖನ್ನೇ ಹಿಡಿದು ಡಿ ಫಾರೆಸ್ಟ್‌ರ ಪರ ತೀರ್ಪಿತ್ತಿತು. 1928ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇನ್ನೊಂದು ದಾರಿಯಿಂದ ಮತ್ತೆ ಮೇಲೇರಿದ ವ್ಯಾಜ್ಯದಲ್ಲಿ 1934ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಕಾರ್ಡೋಜೊ ಬರೆದ ತೀರ್ಪೂ ಅದೇ ಧಾಟಿಯಲ್ಲಿತ್ತು. ಮಂಡಲದ ಕಾರ್ಯವಿಧಾನವನ್ನೇ ನ್ಯಾಯಾಲಯ ತಪ್ಪಾಗಿ ಗ್ರಹಿಸಿದೆಯೆಂದು ಎಂಜಿನಿಯರ್‌ಗಳು ಹುಬ್ಬೇರಿಸಿದರು. ಊಳು ಕೇಳಿದ ದಿನಾಂಕ ಗೆದ್ದಿತು, ಊಳಿನ ಮರ್ಮ ತಿಳಿದವರು ಸೋತರು.

ತೀರ್ಪಿನ ಬೆನ್ನಿಗೇ ಫಿಲಡೆಲ್ಫಿಯಾದಲ್ಲಿ ರೇಡಿಯೊ ಎಂಜಿನಿಯರ್‌ಗಳ ಸಂಸ್ಥೆಯ ಸಮಾವೇಶ ಸೇರಿತು. ಇದೇ ಆವಿಷ್ಕಾರಕ್ಕಾಗಿ ಆ ಸಂಸ್ಥೆ ತನ್ನ ಪ್ರಪ್ರಥಮ ಗೌರವ ಪದಕವನ್ನು ಆರ್ಮ್‌ಸ್ಟ್ರಾಂಗರಿಗೆ ನೀಡಿತ್ತು. ಅದನ್ನು ಹಿಂದಿರುಗಿಸಲೆಂದೇ ಅವರು ಬಂದಿದ್ದರು. ಆದರೆ ಸಂಸ್ಥೆಯ ಮಂಡಳಿ ಅದನ್ನು ಮರಳಿ ಪಡೆಯಲು ಒಪ್ಪಲಿಲ್ಲ; ತನ್ನ ನಿರ್ಧಾರ ಬದಲಾಗದೆಂದು ಸಾರಿತು. ನೆರೆದವರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು. ಕಾನೂನಿನ ಮಟ್ಟಿಗೆ ಆ ಚಪ್ಪಾಳೆಗೆ ಯಾವ ಬೆಲೆಯೂ ಇರಲಿಲ್ಲ.

ಗುಡುಗಿಗೂ ಬೆದರದ ಧ್ವನಿ

ಈ ಎಲ್ಲ ಜಂಜಾಟದ ನಡುವೆ, ಕೊಲಂಬಿಯಾದ ಫಿಲಾಸಫಿ ಹಾಲ್ ಎಂಬ ಕಟ್ಟಡದ ನೆಲಮಾಳಿಗೆಯಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಗುರು ಮೈಕೆಲ್ ಪ್ಯೂಪಿನ್ ಅವರೊಡನೆ ಬಹುಕಾಲ ಬೆನ್ನಟ್ಟಿದ್ದ ಸಮಸ್ಯೆಯದು: ರೇಡಿಯೊದ ಕರಕರ ಸದ್ದನ್ನು ಅಡಗಿಸುವುದು. ಅಂದಿನ ಎಎಂ ಪ್ರಸಾರದಲ್ಲಿ ಧ್ವನಿಯ ಏರಿಳಿತಕ್ಕೆ ತಕ್ಕಂತೆ ತರಂಗದ ಎತ್ತರ ಹೆಚ್ಚು ಕಡಿಮೆಯಾಗುತ್ತದೆ. ಮಿಂಚು, ಮೋಟಾರಿನ ಕಿಡಿ, ಟ್ರಾಮಿನ ತಂತಿ ಎಲ್ಲವೂ ಸೇರಿಸುವುದು ಎತ್ತರವನ್ನೇ. ಹೀಗಾಗಿ ಹಾಡಿನೊಡನೆ ಗುಡುಗೂ ಕಿವಿಗೆ ಬೀಳುತ್ತದೆ. ಎತ್ತರವನ್ನು ಸ್ಥಿರವಾಗಿಟ್ಟು, ತರಂಗದ ಆವೃತ್ತಿಯನ್ನೇ ಧ್ವನಿಗೆ ತಕ್ಕಂತೆ ಏರಿಳಿಸಿದರೆ? ಆ ವಿಚಾರ ಹೊಸದೇನಲ್ಲ. ಆದರೆ ಜಾನ್ ಕಾರ್ಸನ್ ಎಂಬ ಗಣಿತಜ್ಞ ಎಂಜಿನಿಯರ್ 1922ರಲ್ಲಿ ಲೆಕ್ಕ ಹಾಕಿ, ಅದರಿಂದ ಏನೂ ಪ್ರಯೋಜನವಿಲ್ಲವೆಂದು ತೋರಿಸಿದ್ದರು. ಉಳಿದವರು ಅಲ್ಲಿಗೆ ಕೈಬಿಟ್ಟರು.

ಎಲ್ಲರೂ ಕಿರಿದಾದ ಪಟ್ಟಿಯೊಳಗೆ ಆವೃತ್ತಿಯನ್ನು ಅಲ್ಲಾಡಿಸುತ್ತಿದ್ದಾಗ ಆರ್ಮ್‌ಸ್ಟ್ರಾಂಗ್ ಅದನ್ನು ಅಗಲವಾಗಿ, ಅಂದಿನ ರೂಢಿಗಿಂತ ಹತ್ತಾರು ಪಟ್ಟು ಅಗಲವಾಗಿ, ತೂಗಾಡಲು ಬಿಟ್ಟರು. ಸೇರಿನ ಮೇಲೆ ರಾಶಿಯಾಗಿ ನಿಂತ ಕಾಳನ್ನು ಕೋಲಿನಿಂದ ಸವರಿ ಮಟ್ಟಮಾಡುವಂತೆ, ಗ್ರಾಹಕಕ್ಕೆ ಬಂದ ತರಂಗದ ತಲೆಯನ್ನು ಮೊದಲು ಸಮನಾಗಿ ಕತ್ತರಿಸಿಬಿಡುವ ಮಂಡಲವನ್ನು ಸೇರಿಸಿದರು. ಗುಡುಗು ತಂದ ಎತ್ತರವೆಲ್ಲ ಅಲ್ಲೇ ಉದುರಿಹೋಯಿತು. ಉಳಿದ ಆವೃತ್ತಿಯ ಓಲಾಟದಿಂದ ಶುದ್ಧ ಧ್ವನಿ ಹೊರಟಿತು. 1933ರ ಡಿಸೆಂಬರ್ 26ರಂದು ಪೇಟೆಂಟ್‌ಗಳು ಮಂಜೂರಾದವು. ಲೆಕ್ಕ ತಪ್ಪಿರಲಿಲ್ಲ, ಲೆಕ್ಕ ಹಾಕಿದ ಪ್ರಶ್ನೆಯೇ ಬೇರೆಯಾಗಿತ್ತು.

ಕರಕರ ಅಡಗಿಸುವ ಸಾಧನ ಬೇಕೆಂದು ಹಿಂದೆ ಆಶಿಸಿದ್ದವರು ಸ್ವತಃ ಸರ್ನಾಫ್. ಕಂಡದ್ದೋ ಹೊಸದೊಂದು ಪ್ರಸಾರ ಪದ್ಧತಿ. ಅದನ್ನು ಒಪ್ಪಿದರೆ ಇದ್ದ ಕೇಂದ್ರಗಳು, ಮಾರಿದ ರೇಡಿಯೊಗಳು ಎಲ್ಲವೂ ಹಳತಾಗುತ್ತವೆ. ಆದರೂ 1934ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಿಂದ ಪರೀಕ್ಷೆಗೆ ಆರ್‌ಸಿಎ ಅವಕಾಶ ಕೊಟ್ಟಿತು. ಲಾಂಗ್ ಐಲೆಂಡ್‌ನಲ್ಲಿ ಸುಮಾರು 70 ಮೈಲಿ ದೂರದ ಮನೆಯೊಂದರಲ್ಲಿ ಧ್ವನಿ ನಿಚ್ಚಳವಾಗಿ ಕೇಳಿತು. ಆ ಮನೆ ಹಳೆಯ ರೇಡಿಯೊ ಕ್ಲಬ್ ಗೆಳೆಯ ಜಾರ್ಜ್ ಬರ್ಗಾರ್ಡ್‌ರದು. ಮರುವರ್ಷ, ಟೆಲಿವಿಷನ್ ಪ್ರಯೋಗಕ್ಕೆ ಜಾಗ ಬೇಕೆಂದು, ಯಂತ್ರಗಳನ್ನು ತೆರವುಗೊಳಿಸುವಂತೆ ಕಂಪನಿ ಸೂಚಿಸಿತು.

1935ರ ನವೆಂಬರ್ 5ರ ಸಂಜೆ ನ್ಯೂಯಾರ್ಕ್‌ನಲ್ಲಿ ಎಂಜಿನಿಯರ್‌ಗಳ ಸಭೆ. ಆರ್ಮ್‌ಸ್ಟ್ರಾಂಗ್ ತಮ್ಮ ಪ್ರಬಂಧ ಓದಿ ಮುಗಿಸಿ, ಮೇಜಿನ ಮೇಲಿದ್ದ ಗ್ರಾಹಕವನ್ನು ಚಾಲೂ ಮಾಡಿದರು. ಯಾಂಕರ್ಸ್‌ನ ತನ್ನ ಮನೆಯಿಂದ ಬಾಲ್ಯದ ಗೆಳೆಯ ರನ್ಯನ್ ಹವ್ಯಾಸಿ ಕೇಂದ್ರದ ಮೂಲಕ ಪ್ರಸಾರ ಆರಂಭಿಸಿದರು. ಲೋಟಕ್ಕೆ ನೀರು ಸುರಿದ ಸದ್ದು ನೀರಿನ ಸದ್ದಿನಂತೆಯೇ ಕೇಳಿತು. ಕಾಗದ ಮುದುಡಿ ಹರಿದರೆ ಕಾಗದ ಹರಿದಂತೆಯೇ ಕೇಳಿತು. ರೇಡಿಯೊದಲ್ಲಿ ಅಂಥ ಮೌನದ ಹಿನ್ನೆಲೆಯನ್ನು ಆ ಸಭೆ ಅದುವರೆಗೆ ಕೇಳಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇತ್ತ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪುಟ್ಟ ಪ್ರೇಷಕವೊಂದರ ಮೂಲಕ ಆಕಾಶವಾಣಿ ಎಂಬ ಹೆಸರಿನ ಪ್ರಸಾರ ಶುರುಮಾಡಿದ್ದನ್ನು ಇಲ್ಲಿ ನೆನೆಯಬಹುದು. ರೇಡಿಯೊದ ದೊಡ್ಡ ಹೆಜ್ಜೆಗಳು ಆ ಕಾಲದಲ್ಲಿ ಎರಡೂ ಕಡೆ ಮನೆಗಳಿಂದಲೇ ಹೊರಟಿದ್ದವು.

ನದಿಯಾಚೆಯ ಗೋಪುರ

ಯಾರೂ ಕೈಹಿಡಿಯದಿದ್ದರೆ ತಾವೇ ಕಟ್ಟಿ ತೋರಿಸುವುದು ಆರ್ಮ್‌ಸ್ಟ್ರಾಂಗ್‌ರ ರೀತಿ. ನ್ಯೂಜೆರ್ಸಿಯ ಆಲ್ಪೈನ್ ಎಂಬಲ್ಲಿ, ಹಡ್ಸನ್ ನದಿಯ ಕಡಿದಾದ ದಂಡೆಯ ಮೇಲೆ, 400 ಅಡಿಗೂ ಮಿಗಿಲಾದ ಗೋಪುರವನ್ನು ಸ್ವಂತ ಹಣದಿಂದ ನಿಲ್ಲಿಸಿದರು. ಬಾಲ್ಯದಲ್ಲಿ ಕಂಬ ನೆಟ್ಟ ಊರು ನದಿಯ ಆಚೆ ದಡದಲ್ಲೇ ಇತ್ತು. 1939ರಲ್ಲಿ ಡಬ್ಲ್ಯು2ಎಕ್ಸ್‌ಎಂಎನ್ ಕೇಂದ್ರದ ಪೂರ್ಣಪ್ರಮಾಣದ ಎಫ್‌ಎಂ ಪ್ರಸಾರ ಆರಂಭವಾಯಿತು. 1940ರಲ್ಲಿ ಸರ್ಕಾರದ ಸಂಪರ್ಕ ಆಯೋಗ 42ರಿಂದ 50 ಮೆಗಾಹರ್ಟ್ಸ್ ಪಟ್ಟಿಯನ್ನು ಎಫ್‌ಎಂಗೆ ಮೀಸಲಿಟ್ಟಿತು. ಹೊಸ ಕೇಂದ್ರಗಳು ಹುಟ್ಟಿದವು, ರೇಡಿಯೊಗಳು ಲಕ್ಷಗಟ್ಟಲೆ ಮಾರಾಟವಾದವು. ಅದೇ ವರ್ಷ ಆರ್‌ಸಿಎ 10 ಲಕ್ಷ ಡಾಲರ್ ಒಂದೇ ಗಂಟಿನಲ್ಲಿ ಕೊಡಲು ಮುಂದಾಯಿತು. ಉಳಿದ ಕಂಪನಿಗಳು ಮಾರಾಟಕ್ಕೆ ತಕ್ಕಂತೆ ರಾಯಧನ ಕೊಡುತ್ತಿರುವಾಗ ದೊಡ್ಡ ಕಂಪನಿಗೆ ಮಾತ್ರ ರಿಯಾಯಿತಿ ಸಲ್ಲದೆಂದು ಆರ್ಮ್‌ಸ್ಟ್ರಾಂಗ್ ನಿರಾಕರಿಸಿದರು. ನ್ಯಾಯದ ಮಾತೇ, ವ್ಯವಹಾರದ ಮಾತಲ್ಲ.

ಎರಡನೆಯ ಮಹಾಯುದ್ಧ ಬಂತು. ಸೇನೆಗೆ ತಮ್ಮ ಪೇಟೆಂಟ್‌ಗಳನ್ನು ರಾಯಧನವಿಲ್ಲದೆ ಬಳಸಲು ಬಿಟ್ಟರು. ಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಆಯೋಗ ಎಫ್‌ಎಂ ಪಟ್ಟಿಯನ್ನು 88ರಿಂದ 108 ಮೆಗಾಹರ್ಟ್ಸ್‌ಗೆ ಎತ್ತಂಗಡಿ ಮಾಡಿತು. ಮೇಲ್ವಾತಾವರಣದಿಂದ ಅಡಚಣೆಯಾದೀತೆಂಬ ಅಂದಾಜು ಅದಕ್ಕೆ ಕೊಟ್ಟ ಕಾರಣ. ಆರ್ಮ್‌ಸ್ಟ್ರಾಂಗ್ ಆ ಅಂದಾಜನ್ನು ತೀವ್ರವಾಗಿ ಪ್ರಶ್ನಿಸಿದ್ದರು. ಒಂದೇ ಆದೇಶದಿಂದ ಜನರ ಮನೆಗಳಲ್ಲಿದ್ದ ಎಫ್‌ಎಂ ರೇಡಿಯೊಗಳೆಲ್ಲ ಕಾಲಕ್ರಮೇಣ ಮೂಕವಾದವು. ಹೊಸ ಟೆಲಿವಿಷನ್‌ಗಳ ಧ್ವನಿಗೆ ಬಳಕೆಯಾದದ್ದೂ ಎಫ್‌ಎಂ ವಿಧಾನವೇ. ಆರ್‌ಸಿಎ ಮಾತ್ರ ತನ್ನದೇ ಬೇರೆ ವಿಧಾನವೆಂದು ವಾದಿಸಿ ರಾಯಧನ ಕೊಡಲಿಲ್ಲ.

1948ರಲ್ಲಿ ಆರ್ಮ್‌ಸ್ಟ್ರಾಂಗ್ ದಾವೆ ಹೂಡಿದರು. ವಿಚಾರಣೆಗೆ ಮುಂಚಿನ ಹೇಳಿಕೆಗಳೇ ವರ್ಷಗಟ್ಟಲೆ ಎಳೆದವು. ಎಫ್‌ಎಂ ಬೆಳವಣಿಗೆಯಲ್ಲಿ ತಮ್ಮ ಸಂಸ್ಥೆಯ ಪಾಲೇ ಎಲ್ಲರಿಗಿಂತ ಹಿರಿದೆಂದು ಸರ್ನಾಫ್ ಪ್ರಮಾಣ ಮಾಡಿ ಹೇಳಿದರು. ಬೆಲ್ಮಾರ್‌ನ ಆ ರಾತ್ರಿಯ ಗೆಳೆಯ. ಈ ನಡುವೆ ಮೂಲ ಪೇಟೆಂಟ್‌ಗಳ 17 ವರ್ಷಗಳ ಅವಧಿ 1950ಕ್ಕೆ ತೀರಿತು. ಬರುತ್ತಿದ್ದ ರಾಯಧನವೂ ನಿಂತಿತು. ವಕೀಲರ ಖರ್ಚು ನಿಲ್ಲಲಿಲ್ಲ. ಎದುರಾಳಿಗೆ ಕಾಯುವ ಶಕ್ತಿಯಿತ್ತು, ಒಬ್ಬಂಟಿಗೆ ಅದಿರಲಿಲ್ಲ.

1953ರ ನವೆಂಬರ್‌ನಲ್ಲಿ, ವೃದ್ಧಾಪ್ಯಕ್ಕೆಂದು ಮರಿಯನ್ ತೆಗೆದಿಟ್ಟಿದ್ದ ಹಣವನ್ನು ವ್ಯಾಜ್ಯಕ್ಕೆ ಕೇಳಿ ಜಗಳವಾಯಿತು. ಕೋಪದಲ್ಲಿ ಆರ್ಮ್‌ಸ್ಟ್ರಾಂಗ್ ಹೆಂಡತಿಯ ಮೇಲೆ ಕೈಮಾಡಿದರು. ಮರಿಯನ್ ಕನೆಕ್ಟಿಕಟ್‌ನಲ್ಲಿದ್ದ ಸೋದರಿಯ ಮನೆಗೆ ಹೊರಟುಹೋದರು. ಮೂವತ್ತು ವರ್ಷದ ದಾಂಪತ್ಯದಲ್ಲಿ ಮೊದಲ ಬಾರಿಗೆ ಆ ವರ್ಷದ ಹಬ್ಬದ ದಿನಗಳನ್ನು ಅವರು ಒಂಟಿಯಾಗಿ ಕಳೆದರು. 1954ರ ಜನವರಿ 31ರ ರಾತ್ರಿ ಮರಿಯನ್‌ಗೆ ಕ್ಷಮೆ ಕೋರಿ ಪತ್ರ ಬರೆದಿಟ್ಟು, ನ್ಯೂಯಾರ್ಕ್‌ನ ತಮ್ಮ 13ನೇ ಮಹಡಿಯ ಮನೆಯಿಂದ ಬಿದ್ದು ಪ್ರಾಣ ಬಿಟ್ಟರು. ಅವರಿಗೆ 63 ವರ್ಷ. ನೋಟರಿ ಮುದ್ರೆ ಬಿದ್ದು ಅಂದಿಗೆ ಸರಿಯಾಗಿ 41 ವರ್ಷವಾಗಿತ್ತು; ಬೆಲ್ಮಾರ್‌ನ ಪರೀಕ್ಷೆಗೆ 40.

ದಾವೆ ಅವರೊಡನೆ ಸಾಯಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಆರ್‌ಸಿಎ ಸುಮಾರು 10 ಲಕ್ಷ ಡಾಲರಿಗೆ ರಾಜಿಯಾಯಿತು. 1940ರಲ್ಲಿ ಅವರು ಬೇಡವೆಂದ ಮೊತ್ತಕ್ಕೆ ಹತ್ತಿರಹತ್ತಿರ ಅಷ್ಟೇ. ಮರಿಯನ್ ಉಳಿದ ಕಂಪನಿಗಳ ವಿರುದ್ಧದ ಮೊಕದ್ದಮೆಗಳನ್ನು ಒಂದೊಂದಾಗಿ ನಡೆಸಿದರು. ಪತಿಯ ಹಕ್ಕನ್ನು ಎತ್ತಿಹಿಡಿದ ಕೊನೆಯ ಗೆಲುವು, ಮೋಟೊರೋಲ ಕಂಪನಿಯ ವಿರುದ್ಧ, ದಕ್ಕಿದ್ದು 1967ರಲ್ಲಿ. ಅಷ್ಟರಲ್ಲಿ ಅಮೆರಿಕದಲ್ಲಿ ಎಫ್‌ಎಂ ಸ್ಟೀರಿಯೊ ಯುಗ ಶುರುವಾಗಿತ್ತು. ಭಾರತಕ್ಕೆ ಎಫ್‌ಎಂ ಬಂದದ್ದು 1977ರಲ್ಲಿ, ಮದ್ರಾಸಿನಲ್ಲಿ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈನಲ್ಲಿ ಬೆಂಗಳೂರಿನಿಂದಲೇ ದನಿ ಹೊರಡಿಸಿತು.

ಅದೇ 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನ ಅವಳಿ ಗೋಪುರಗಳು ಉರುಳಿದಾಗ ಅವುಗಳ ನೆತ್ತಿಯ ಮೇಲಿದ್ದ ಪ್ರಸಾರ ಆಂಟೆನಾಗಳೂ ನೆಲಸಮವಾದವು. ನೆಲೆ ಕಳೆದುಕೊಂಡ ಕೆಲವು ಟೆಲಿವಿಷನ್ ಕೇಂದ್ರಗಳಿಗೆ ತಾತ್ಕಾಲಿಕ ಆಸರೆಯಿತ್ತದ್ದು ಆಲ್ಪೈನ್‌ನ ಹಳೆಯ ಗೋಪುರ. 2005ರಲ್ಲಿ, ಲೋಟಕ್ಕೆ ನೀರು ಸುರಿದ ಆ ಪ್ರದರ್ಶನದ ಎಪ್ಪತ್ತನೇ ವರ್ಷದ ನೆನಪಿಗೆ, ಅದೇ ಗೋಪುರದಿಂದ ಹಳೆಯ 42.8 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ವಿಶೇಷ ಪ್ರಸಾರವೊಂದು ನಡೆಯಿತು. ಅಂಗಡಿಯಲ್ಲಿ ಸಿಗುವ ಯಾವ ರೇಡಿಯೊದಲ್ಲೂ ಅದು ಕೇಳುವಂತಿರಲಿಲ್ಲ. ಯುದ್ಧಪೂರ್ವದ ಎಫ್‌ಎಂ ಪೆಟ್ಟಿಗೆಯನ್ನು ಜೋಪಾನ ಮಾಡಿಟ್ಟುಕೊಂಡ, ಇಲ್ಲವೇ ಆ ಆವೃತ್ತಿಗೆ ಹೊಂದುವ ಗ್ರಾಹಕವನ್ನು ಮನೆಯಲ್ಲೇ ಅಣಿಗೊಳಿಸಿಕೊಂಡ ಹವ್ಯಾಸಿಗಳಿಗೆ ಮಾತ್ರ ಅದು ದಕ್ಕುವಂತಿತ್ತು.